ಇಕ್ಕಟ್ಟಾದ ಹಿತ್ತಿಲಿಗೆ ಹಾಟ್ ಟಬ್: ತಳ್ಳುಗಾಡಿ ಎಲ್ಲಿಯವರೆಗೆ ಸಾಕು, ಕ್ರೇನ್ ಯಾವಾಗ ಬೇಕು

ಹಾಟ್ ಟಬ್ (ಹಲವರು ಕೂರುವ ಬಿಸಿನೀರಿನ ತೊಟ್ಟಿ) ಮಾರುವವರ ಬಾಯಲ್ಲಿ ‘ಡೆಲಿವರಿ’ ಎಂದರೆ ಬಹಳಷ್ಟು ಸಲ ಗೇಟಿನ ಮುಂದೆ ಲಾರಿಯಿಂದ ಇಳಿಸಿ, ಸಹಿ ಹಾಕಿಸಿಕೊಂಡು ಹೋಗುವುದು ಅಷ್ಟೆ. ಅಲ್ಲಿಂದ ಹಿತ್ತಿಲಿನ ಕಾಂಕ್ರೀಟ್ ಹಾಸಿನವರೆಗೆ ಕೊಂಡವರ ಪಾಡು. ಆ ಸ್ವಲ್ಪ ದೂರಕ್ಕೆ ಬಾಡಿಗೆಗೆ ಸಿಗುವುದು ಮುಖ್ಯವಾಗಿ ಮೂರು: ಟಬ್ಬನ್ನು ಪಕ್ಕಕ್ಕೆ ಎತ್ತಿ ನಿಲ್ಲಿಸಿ ತಳ್ಳುವ ನಾಲ್ಕು ಚಕ್ರದ ಗಾಡಿ, ಚಕ್ರದ ಬದಲು ಉದ್ದ ಪಟ್ಟಿಗಳ ಮೇಲೆ, ಬ್ಯಾಟರಿಯಲ್ಲಿ ಓಡುವ ಕ್ರಾಲರ್ ಗಾಡಿ ಮತ್ತು ಕ್ರೇನ್. ದಾರಿ ನೇರವಾಗಿ, ಗಟ್ಟಿಯಾಗಿ ಇದ್ದರೆ ತಳ್ಳುಗಾಡಿಯನ್ನು ಮೀರಿಸಿದ್ದು ಇಲ್ಲ. ಒಂದೇ ಒಂದು ತಿರುವು ಬಂದರೂ ಲೆಕ್ಕ ಬೇರೆ.

ಮೊದಲು ಅಳತೆ. ಐದಾರು ಜನ ಕೂರುವ ಅಕ್ರಿಲಿಕ್ ಟಬ್ ಸಾಮಾನ್ಯವಾಗಿ 2.1 ಮೀಟರ್ ಉದ್ದ, ಅಷ್ಟೇ ಅಗಲ, 95 ಸೆಂ.ಮೀ. ಎತ್ತರ ಇರುತ್ತದೆ. ಖಾಲಿ ತೂಕ 350ರಿಂದ 450 ಕೆ.ಜಿ. ಪಕ್ಕಕ್ಕೆ ನಿಲ್ಲಿಸಿದಾಗ ಅದರ ಎತ್ತರವೇ ಅಗಲವಾಗುತ್ತದೆ. ಹಾಗಾಗಿ ಎರಡೂ ಬದಿಗೆ 5 ಸೆಂ.ಮೀ. ಬಿಟ್ಟರೆ 105 ಸೆಂ.ಮೀ. ದಾರಿ ಸಾಕು. ತಲೆಯ ಮೇಲೆ ಗಾಡಿಯ ಎತ್ತರವೂ ಸೇರಿ 2.4 ಮೀಟರ್ ತೆರವಿರಬೇಕು; ಸೂರಿನ ಅಂಚು, ಬಟ್ಟೆ ಒಣಹಾಕುವ ತಂತಿ, ಇಳಿಬಿದ್ದ ಕೇಬಲ್ ಎಲ್ಲವೂ ಇದರಲ್ಲಿ ಬಂತು. ಗೋಡೆಯಿಂದ ಗೋಡೆಗೆ ಟೇಪು ಹಿಡಿದರೆ ಮೋಸ ಹೋಗುತ್ತೀರಿ. ಗ್ಯಾಸ್ ಮೀಟರ್, ಮಳೆನೀರಿನ ಪೈಪು, ಎ.ಸಿ.ಯ ಹೊರ ಯೂನಿಟ್, ಗೇಟಿನ ಚಿಲಕ, ಕಿಟಕಿಯ ಚಾಚು, ಇವೇ ಅಡ್ಡಬರುವುದು. 105 ಸೆಂ.ಮೀ. ಉದ್ದದ ರೀಪೊಂದನ್ನು ಅಡ್ಡಲಾಗಿ ಹಿಡಿದು, ಒಮ್ಮೆ ಮೊಣಕಾಲ ಮಟ್ಟದಲ್ಲಿ, ಒಮ್ಮೆ ಭುಜದ ಮಟ್ಟದಲ್ಲಿ ಇಡೀ ದಾರಿ ನಡೆದುಬಿಡಿ. ಎಲ್ಲಿ ತಗಲುತ್ತದೋ ಅದೇ ನಿಜವಾದ ಅಗಲ. ಮೂರ್ನಾಲ್ಕು ಸೆಂಟಿಮೀಟರ್ ಕಡಿಮೆ ಬಿದ್ದರೆ ಗೇಟನ್ನು ಹಿಂಜಿನಿಂದ ಬಿಚ್ಚಿಟ್ಟರೆ ಹಲವು ಕಡೆ ಕೆಲಸ ಆಗಿಬಿಡುತ್ತದೆ.

ಜನ ಸಿಕ್ಕಿಹಾಕಿಕೊಳ್ಳುವುದು ತಿರುವಿನಲ್ಲಿ. ಒಂದೇ ಅಗಲದ ಎರಡು ಸಂದಿಗಳು ಲಂಬವಾಗಿ ಕೂಡುವ ಕಡೆ ಎಷ್ಟು ಅಗಲ ಬೇಕು ಎನ್ನುವುದಕ್ಕೆ ಸುಲಭದ ಲೆಕ್ಕವಿದೆ: ಟಬ್ಬಿನ ಅರ್ಧ ಉದ್ದಕ್ಕೆ ಅದರ ನಿಂತ ಅಗಲವನ್ನು ಕೂಡಿ 1.41ರಿಂದ ಭಾಗಿಸಿ. 1.05 ಕೂಡಿಸು 0.95 ಎಂದರೆ 2 ಮೀಟರ್, ಭಾಗಿಸಿದರೆ ಸುಮಾರು 1.42. ಕೈಯಾಡಲು ಜಾಗವೂ ಸೇರಿ ಎರಡೂ ಸಂದಿ 1.5 ಮೀಟರ್ ಇರಬೇಕು. ನೇರವಾಗಿ 105ರಲ್ಲಿ ನುಸುಳುವ ಟಬ್ಬು ಮೂಲೆಯಲ್ಲಿ ಗೋಡೆಗೆ ಕಚ್ಚಿಕೊಂಡು ನಿಲ್ಲುವುದು ಇದಕ್ಕೇ. ಸಂದಿಯಿಂದ ಪೂರ್ತಿ ಹೊರಬಂದ ಮೇಲೆ ನಿಂತಲ್ಲೇ ತಿರುಗಿಸುವುದಾದರೆ ಮೂಲೆಯಿಂದ ಮೂಲೆಗೆ 2.3 ಮೀಟರ್ ಆಗುತ್ತದೆ. ಅಷ್ಟು ಬಯಲು ಮುಂದೆ ಇರಬೇಕು.

ಇನ್ನು ತಳ್ಳುಗಾಡಿ. ಉಕ್ಕಿನ ಚೌಕಟ್ಟು, ಗಾಳಿ ತುಂಬುವ ನಾಲ್ಕು ಟೈರು, ಟಬ್ಬನ್ನು ಕಟ್ಟಲು ಹಲ್ಲುಚಕ್ರದಿಂದ ಬಿಗಿಯುವ ರ‍್ಯಾಚೆಟ್ ಬೆಲ್ಟು. ಸರಳ ಸಾಧನ, ಕೆಡುವಂಥದ್ದು ಏನೂ ಇಲ್ಲ. ಬಾಡಿಗೆಗೆ ತರುವಾಗ ಟೈರುಗಳ ಗಾಳಿಯನ್ನು ಮಾತ್ರ ನೋಡಿಕೊಳ್ಳಿ: ಒಂದು ಬದಿ ಮೆತ್ತಗಿದ್ದರೆ ಎರಡು ಮೀಟರ್ ಎತ್ತರದ ಟಬ್ಬು ಆ ಕಡೆಗೇ ವಾಲುತ್ತದೆ. ಎತ್ತಿ ನಿಲ್ಲಿಸಲು ಕನಿಷ್ಠ ನಾಲ್ಕು ಜನ ಬೇಕು. ಕಂಪನಿಯ ಪ್ಯಾಕಿಂಗನ್ನು ಬಿಚ್ಚಬೇಡಿ. ನೆಲಕ್ಕೆ ತಾಗುವ ಅಂಚಿಗೆ ದಪ್ಪ ಕಂಬಳಿ ಹಾಸಿ. ಪಂಪು, ಹೀಟರು ಇರುವ ಬದಿ ಕೆಳಗೆ ಬಂದರೆ ಫಿಟ್ಟಿಂಗಿಗೆ ಪೆಟ್ಟು, ಮೇಲೆ ಹೋದರೆ ತಲೆಭಾರ. ಹಿಂದಕ್ಕೋ ಮುಂದಕ್ಕೋ ಇರಲಿ. ಯಾವ ಅಂಚಿನ ಮೇಲೆ ನಿಲ್ಲಿಸಬಹುದು ಎಂದು ತಯಾರಕರ ಕೈಪಿಡಿಯಲ್ಲಿ ಹೇಳಿದ್ದರೆ ಅದೇ ಕೊನೆಯ ಮಾತು. ಬೆಲ್ಟು ಎರಡಿರಲಿ, ಮೂಲೆಗೆ ಫೋಮ್ ತುಂಡು ಕೊಟ್ಟು ಬಿಗಿಯಿರಿ. ಹಿಡಿತ ಬಂತೆಂದರೆ ಸಾಕು, ಇನ್ನೆರಡು ಹಲ್ಲು ಎಳೆದರೆ ಕ್ಯಾಬಿನೆಟ್ಟಿನ ಹಲಗೆ ಸೀಳುತ್ತದೆ.

ಮೆತ್ತನೆಯ ನೆಲ ಈ ಗಾಡಿಯ ದೊಡ್ಡ ಕೊರತೆ. ಹುಲ್ಲಿನ ಮೇಲೆ, ಜಲ್ಲಿಯ ಮೇಲೆ ಚಕ್ರ ಹೂತುಹೋಗುತ್ತದೆ. 18 ಮಿ.ಮೀ. ಪ್ಲೈವುಡ್ಡಿನ ಮೂರು ಹಾಳೆಗಳಿದ್ದರೆ ಹಿಂದಿನದನ್ನು ತೆಗೆದು ಮುಂದಕ್ಕೆ ಹಾಸುತ್ತ ಹೋಗಬಹುದು. ಇಳಿಜಾರಿನಲ್ಲಿ ಇನ್ನೂ ಎಚ್ಚರ ಬೇಕು: 400 ಕೆ.ಜಿ. ಟಬ್ಬು ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಸುಮಾರು 40 ಕೆ.ಜಿ. ಬಲದಿಂದ ಕೆಳಕ್ಕೆ ಎಳೆಯುತ್ತದೆ, ಐದಕ್ಕೆ ಒಂದಾದರೆ ಸುಮಾರು 80. ಮೊದಲನೆಯದನ್ನು ನಾಲ್ಕು ಜನ ಹಿಡಿದಾರು. ಎರಡನೆಯದಕ್ಕೆ ಮೇಲುಗಡೆ ಗಟ್ಟಿ ಕಂಬಕ್ಕೆ ಕಟ್ಟಿದ ವಿಂಚು (ಹಗ್ಗ ಸುತ್ತಿ ಎಳೆದು ಹಿಡಿಯುವ ಸಾಧನ) ಇಲ್ಲದೆ ಹೋಗಬಾರದು. ಟಬ್ಬಿನ ಕೆಳಬದಿಯಲ್ಲಂತೂ ಯಾರೂ ನಿಲ್ಲಕೂಡದು. 15 ಸೆಂ.ಮೀ.ಯ ಒಂದು ಮೆಟ್ಟಿಲಿಗೆ ಒಂದೂವರೆ ಮೀಟರಿನ ಜಾರುಹಲಗೆ ಬೇಕು. ಮೂರು ಮೆಟ್ಟಿಲಾದರೆ ನಾಲ್ಕೂವರೆ ಮೀಟರ್, ಇಕ್ಕಟ್ಟಾದ ಜಾಗದಲ್ಲಿ ಅದಕ್ಕೆ ಎಡೆ ಎಲ್ಲಿ?

ಕ್ರಾಲರ್ ಗಾಡಿಗೆ ಹುಲ್ಲು, ಇಳಿಜಾರು ಲೆಕ್ಕಕ್ಕಿಲ್ಲ, ಜನವೂ ಕಡಿಮೆ ಸಾಕು. ಆದರೆ ಟಬ್ಬಿನ ಅಗಲವನ್ನು ಅದು ಒಂದು ಸೆಂಟಿಮೀಟರ್ ಕೂಡ ಇಳಿಸುವುದಿಲ್ಲ. ಸಂದಿ ಸಾಲದೆಂದು ಇದನ್ನು ಬಾಡಿಗೆಗೆ ತರುವುದು ದಂಡ.

ಸಂದಿ ಸಾಲದಿದ್ದರೆ ಇರುವುದು ಕ್ರೇನ್. ಅದೆಲ್ಲ ಶೋಕಿ ಎಂದುಕೊಂಡು ಕಾಂಪೌಂಡ್ ಒಡೆಯಲು ಹೊರಡುವವರಿದ್ದಾರೆ. ಒಡೆದು, ಕಟ್ಟಿ, ಗಿಲಾವು ಮಾಡಿ ಮುಗಿಸುವ ಹೊತ್ತಿಗೆ ಕ್ರೇನೇ ಸಲೀಸಿತ್ತು ಅನಿಸುತ್ತದೆ. ವಿಚಾರಿಸುವಾಗ ‘ಎಷ್ಟು ಟನ್ನಿನದು’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಹೆಸರಿನ ಜೊತೆ ಹೇಳುವ ಟನ್ನು ಬೂಮ್ (ಕ್ರೇನಿನ ಚಾಚುವ ತೋಳು) ತೀರಾ ಹತ್ತಿರವಿದ್ದಾಗಿನ ಮಾತು, ದೂರ ಚಾಚಿದಷ್ಟೂ ಸಾಮರ್ಥ್ಯ ಕುಸಿಯುತ್ತದೆ. ಕ್ರೇನ್ ನಿಲ್ಲುವ ಜಾಗದ ನಡುವಿನಿಂದ ಹಾಸಿನ ನಡುವಿಗೆ ಇರುವ ದೂರ ಅಳೆದು ಕೊಡಿ, ನಡುವೆ ದಾಟಬೇಕಾದ ಮನೆಯ ಎತ್ತರವನ್ನೂ ಹೇಳಿ. ತೂಕದಲ್ಲಿ ಕೊಕ್ಕೆ, ಸ್ಲಿಂಗು ಎಂಬ ಎತ್ತುವ ಪಟ್ಟಿ, ಅವನ್ನು ಅಗಲಿಸಿ ಹಿಡಿಯುವ ಸ್ಪ್ರೆಡರ್ ಬಾರ್ ಸೇರಿರಲಿ. ಈ ಬಾರ್ ಬೇಡ ಎನ್ನುವ ತಂಡವನ್ನು ಒಪ್ಪಬೇಡಿ. ಅದಿಲ್ಲದಿದ್ದರೆ ಸ್ಲಿಂಗುಗಳು ಮೇಲೆ ಒಂದೇ ಕಡೆ ಕೂಡಿ, ಟಬ್ಬಿನ ಅಂಚನ್ನು ಒಳಕ್ಕೆ ಹಿಂಡುತ್ತವೆ. ಅಕ್ರಿಲಿಕ್ ಬಿರುಕು ಬಿಡುವುದು ಆಗಲೇ.

ವಿದ್ಯುತ್ ತಂತಿ ಹತ್ತಿರವಿದ್ದರೆ 50 ಕಿಲೋವೋಲ್ಟ್‌ವರೆಗಿನ ತಂತಿಗೆ ಕನಿಷ್ಠ 3 ಮೀಟರ್ ಅಂತರ ಇರಲೇಬೇಕು, ಸ್ಥಳೀಯ ನಿಯಮ ಇನ್ನೂ ಹೆಚ್ಚು ಕೇಳಿದರೆ ಅಷ್ಟು. ಕ್ರೇನ್ ವಾಲದಂತೆ ಪಕ್ಕಕ್ಕೆ ಚಾಚಿ ಊರುವ ಔಟ್‌ರಿಗ್ಗರ್ ಕಾಲುಗಳು ಸೆಪ್ಟಿಕ್ ಟ್ಯಾಂಕ್, ಮ್ಯಾನ್‌ಹೋಲ್‌ಗಳ ಮೇಲೆ ಬರಬಾರದು. ಇವು ಎಲ್ಲಿವೆ ಎಂದು ಮೊದಲೇ ಹೇಳಬೇಕಾದವರು ಮನೆಯವರು. ನಾಲ್ಕು ಚದರ ಮೀಟರಿಗೂ ಮೀರಿದ ಟಬ್ಬು ಗಾಳಿಗೆ ಹಾಯಿಯಂತೆ ತಿರುಗುತ್ತದೆ. ಎರಡು ಮೂಲೆಗೆ ಹಗ್ಗ ಕಟ್ಟಿ ಕೆಳಗಿನಿಂದ ಹಿಡಿಯುವವರು ಬೇಕು, ಜೋರು ಗಾಳಿ ಇದ್ದರೆ ಮುಂದೂಡಬೇಕು. ಮೇಲೆತ್ತಿರುವಾಗ ಟಬ್ಬಿಗೆ ಏನಾದರೂ ಆದರೆ ಯಾರ ವಿಮೆ ಎನ್ನುವುದು ಬರಹದಲ್ಲಿರಲಿ.

ಹಾಸಿನ ವಿಷಯ ಚಿಕ್ಕದು. 1300 ಲೀಟರ್ ನೀರು, ಟಬ್ಬು, ಐದು ಜನ ಸೇರಿದರೆ ಎರಡು ಟನ್ ದಾಟುತ್ತದೆ. ಚದರ ಮೀಟರಿಗೆ ಐನೂರು ಕೆ.ಜಿ.ಯ ಆಸುಪಾಸು. ಗಟ್ಟಿ ನೆಲದ ಮೇಲೆ ಸರಳು ಜಾಲರಿ ಹಾಕಿದ 10 ಸೆಂ.ಮೀ. ಕಾಂಕ್ರೀಟ್ ತಡೆಯುತ್ತದೆ. ರಸಮಟ್ಟ ಇಟ್ಟು ನೋಡಿ; ಟಬ್ಬಿನ ಮೂಲೆಗೆ ಚಕ್ಕೆ ಕೊಟ್ಟು ಮಟ್ಟ ಮಾಡಿದರೆ ಭಾರವೆಲ್ಲ ಅಲ್ಲೇ ಕೂತು ತಳ ಸೊಟ್ಟಗಾಗುತ್ತದೆ, ವಾರಂಟಿಯೂ ಹೋದೀತು. ಪಂಪಿನ ಬಾಗಿಲಿನ ಮುಂದೆ 60 ಸೆಂ.ಮೀ. ಬಿಡಬೇಕು. ಇಕ್ಕಟ್ಟಿನಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಬಾಗಿಲು ಯಾವ ಕಡೆ ಎಂದು ಗಾಡಿಯಿಂದ ಇಳಿಸುವ ಮೊದಲೇ ತೀರ್ಮಾನವಾಗಿರಲಿ. ಕೂತ ಮೇಲೆ ಅಲ್ಪಸ್ವಲ್ಪ ಸರಿಸಲು 10 ಸೆಂ.ಮೀ. ದಪ್ಪದ ಮೂರ್ನಾಲ್ಕು ಪಿ.ವಿ.ಸಿ. ಪೈಪುಗಳನ್ನು ಅಡಿಗೆ ಕೊಟ್ಟು ಉರುಳಿಸಬಹುದು.

ಯಾವುದರಲ್ಲಿ ತಂದರೂ ಕುಲುಕಾಟಕ್ಕೆ ಪಂಪಿಗೆ ಪೈಪನ್ನು ಜೋಡಿಸುವ ಯೂನಿಯನ್ ನಟ್ಟುಗಳು ಸಡಿಲವಾಗುತ್ತವೆ. ಮೊದಲ ಬಾರಿ ನೀರು ಸೋರಿದಾಗ ಟಬ್ಬೇ ಒಡೆದಿದೆ ಎಂದು ಗಾಬರಿಯಾಗುವವರು ಇಲ್ಲಿ ನೋಡಲಿ. ಬಾಗಿಲು ತೆಗೆದು ಕೈಯಲ್ಲೇ ಬಿಗಿದು, ಫಿಲ್ಟರ್ ಕೂರುವ ಕುಳಿಯ ಮೂಲಕ ನೀರು ತುಂಬಿದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದೂ ತಪ್ಪುತ್ತದೆ. ಪೂರ್ತಿ ತುಂಬುವವರೆಗೆ ವಿದ್ಯುತ್ ಬೇಡ.

ಸಂದಿಯೂ ಸಾಲದು, ಕ್ರೇನ್ ನಿಲ್ಲಲು ರಸ್ತೆಯೂ ಇಲ್ಲ ಎಂದಾದರೆ ಅಕ್ರಿಲಿಕ್ ಟಬ್ಬನ್ನು ಬಿಟ್ಟು ಜಾಗದಲ್ಲೇ ಜೋಡಿಸುವ ಮರದ ಟಬ್ಬು ನೋಡಿ. ಹಲಗೆ, ತಳ, ಲೋಹದ ಪಟ್ಟಿ ಎಲ್ಲ ಬಿಡಿಬಿಡಿಯಾಗಿ ಮಾಮೂಲಿ ಬಾಗಿಲಿನಲ್ಲೇ ಬರುತ್ತವೆ. ಕೂರಲು ಅಚ್ಚಿನ ಸೀಟು, ನೀರು ಚಿಮ್ಮುವ ಸಾಲು ಸಾಲು ಜೆಟ್ಟುಗಳ ಆಸೆ ಮಾತ್ರ ಬಿಡಬೇಕು. ಮರ ನೀರು ಕುಡಿದು ಉಬ್ಬುವವರೆಗೆ, ಮೊದಲ ಕೆಲವು ದಿನ, ಸಂಧುಗಳಲ್ಲಿ ನೀರು ಜಿನುಗುವುದು ಸಹಜ. ಅದಕ್ಕೆ ಅಂಟು ಬಳಿಯಲು ಹೋಗಬೇಡಿ.