ಶಿರಸಿ ಕಡೆಯವರೇ, ಪ್ರಿಂಟರಿನ ಇಂಕ್ ಕಾರ್ಟ್ರಿಜ್ ತಗೊಳ್ಳುವಾಗ ಬಾಕ್ಸ್ ಅಂಗಡಿಯಲ್ಲೇ ಬಿಚ್ಚಿಸಿ

ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದ್ದೇನೆ. ಅಂಗಡಿ ಹೆಸರು ಹೇಳೂದಿಲ್ಲ, ಕೇಳಬೇಡಿ.

ನಮ್ಮನೆಯದು ಸಾದಾ ಇಂಕ್‌ಜೆಟ್. ಒಂದು ಕಪ್ಪು, ಒಂದು ಕಲರ್ ಕಾರ್ಟ್ರಿಜ್, ಅಷ್ಟೇ. ಊರಿನ ತಾಳಮದ್ದಳೆಗೆ ಆಮಂತ್ರಣ ಪ್ರಿಂಟ್ ಮಾಡಿಕೊಡೂದು ಅಂತ ಆಗಿತ್ತು, ಕಲರ್ ಖಾಲಿ. ಪೇಟೆಗೆ ಹೋಗಿ "ಒರಿಜಿನಲ್ಲೇ ಬೇಕು" ಅಂತ ಬಾಯಿಬಿಟ್ಟು ಹೇಳಿ, ಒರಿಜಿನಲ್ ರೇಟೇ ಕೊಟ್ಟು ತಂದೆ. ರೀಫಿಲ್ ಬೇಕಿದ್ರೆ ರೀಫಿಲ್ ಅಂತಲೇ ಕೇಳ್ತಿದ್ದೆ, ಅದೇನು ತಪ್ಪಲ್ಲ, ಎಷ್ಟೋ ಜನ ಮಾಡಿಸ್ತಾರೆ.

ಹಾಕಿದ ಕೂಡಲೇ ಕಂಪ್ಯೂಟರಿನಲ್ಲಿ ಬಂತು: ಇದು ಬಳಸಿದ ಅಥವಾ ಮರುತುಂಬಿದ ಕಾರ್ಟ್ರಿಜ್. ಅಂಗಡಿಗೆ ಫೋನ್ ಮಾಡಿದೆ. "ಅದು ಕಂಪ್ನಿಯವ್ರು ಹೆದರಿಸೂದು ಸರ್, ಓಕೆ ಒತ್ತಿ." ಒತ್ತಿದೆ. ಕೆಂಪು ಬರಬೇಕಾದಲ್ಲೆಲ್ಲ ಹಳದಿ! ಗಣಪತಿಗೆ ಕಾಮಾಲೆ ಬಂದ ಹಾಗೆ. ಮಜೆಂಟಾ, ಅಂದ್ರೆ ಕೆಂಪಿಗೆ ಬೇಕಾದ ಗುಲಾಬಿ ಇಂಕ್, ಒಂದು ಚುಕ್ಕಿ ಇಲ್ಲ. ಮತ್ತೆ ಫೋನು. "ಹೆಡ್ ಕ್ಲೀನಿಂಗ್ ಹೊಡೀರಿ ಸರ್." ಹೆಡ್ ಅಂದ್ರೆ ಕಾಗದದ ಮೇಲೆ ಇಂಕ್ ಚಿಮ್ಮಿಸೂ ಭಾಗ. ಹೊಡೆದೆ, ಮತ್ತೂ ಹೊಡೆದೆ. ಪ್ರತಿ ಕ್ಲೀನಿಂಗಿಗೂ ಇಂಕ್ ಖರ್ಚಾಗ್ತದೆ ಅನ್ನೂದನ್ನ ಆ ಮನುಷ್ಯ ಹೇಳಲೇ ಇಲ್ಲ. ಕೊನೆಗೆ ಬಂದ ಉತ್ತರ: "ಮಳೆಗಾಲ ಅಲ್ವಾ ಸರ್, ಹವೆಗೆ ಇಂಕ್ ಒಣಗ್ತದೆ." ಮಾರಾಯ್ರೆ, ಈ ಜಡಿಮಳೆಯಲ್ಲಿ ನಮ್ಮನೆಯಲ್ಲಿ ಬಟ್ಟೆ ಒಣಗೂದಿಲ್ಲ, ಇಂಕ್ ಒಣಗ್ತದಂತೆ!

ಪ್ರಿಂಟರ್ ಹೊತ್ತುಕೊಂಡು ಹೋದೆ. ಮುಚ್ಚಳ ತೆಗೆದು ನೋಡಿದ ಶಾಸ್ತ್ರ ಮಾಡಿ, "ಪ್ರಿಂಟರ್ ಹೆಡ್ ಹೋಗಿದೆ ಸರ್. ರಿಪೇರಿ ಸುಮ್ನೆ ದಂಡ. ಇಂಕ್ ಟ್ಯಾಂಕಿಂದೇ ಒಂದು ತಗೊಳ್ಳಿ, ನಿಮಗೆ ಅಂತ ಕಡಿಮೆ ಮಾಡ್ತೆ."

ಇಲ್ಲಿ ನೋಡಿ, ಇಲ್ಲಿ ನನಗೆ ರಕ್ತ ಕುದ್ದದ್ದು. ಈ ಮಾದರಿಯಲ್ಲಿ ಹೆಡ್ ಪ್ರಿಂಟರಿನಲ್ಲಿ ಇರೂದೇ ಇಲ್ಲ, ಕಾರ್ಟ್ರಿಜ್ಜಿನಲ್ಲೇ ಇರ್ತದೆ. ಕಾರ್ಟ್ರಿಜ್ ಹೊಸದಾದ್ರೆ ಹೆಡ್ಡೂ ಹೊಸದು. ಹೆಡ್ ಹೋಗಿದೆ ಅಂದ್ರೆ ಅವನು ಕೊಟ್ಟದ್ದೇ ಹಾಳು ಅಂತ ಅವನ ಬಾಯಲ್ಲೇ ಬಂದ ಹಾಗಾಯ್ತು! ಅಲ್ಲೇ ಕೌಂಟರ್ ಮೇಲೆ ಲೇಬಲ್ ಎಬ್ಬಿಸಿ ತೋರಿಸಿದೆ. ಅಡಿಯಲ್ಲಿ ಇಂಕ್ ಬಳಿದುಹೋಗಿದೆ, ತೂತಿನ ಮೇಲೆ ಸೆಲ್ಲೋಟೇಪ್. ಸೆಲ್ಲೋಟೇಪ್! ಅದಕ್ಕವನು, "ಮೇಲಿಂದ ಬಂದ ಮಾಲು ಸರ್, ನಮಗೇನು ಗೊತ್ತು."

1915ಕ್ಕೆ, ಗ್ರಾಹಕ ಸಹಾಯವಾಣಿಗೆ, ದೂರು ಕೊಡ್ತೆ ಅಂದೆ. ನಗಾಡಿದ. "ಕೊಡಿ ಸರ್. ಬಿಲ್ ಇದೆಯಾ?" ಬಿಲ್ ಅಂತ ಅವನೇ ಕೊಟ್ಟ ಚೀಟಿ ತೆಗೆದು ನೋಡಿದ್ರೆ ಮೇಲೆ 'ಎಸ್ಟಿಮೇಟ್' ಅಂತಿದೆ. ಕೆಳಗೆ 'ಕಾರ್ಟ್ರಿಜ್ 1'. ಅಂಗಡಿ ಹೆಸರೂ ಇಲ್ಲ, ಜಿಎಸ್‌ಟಿ ನಂಬರೂ ಇಲ್ಲ. ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳೆಲ್ಲ ನನ್ನನ್ನೇ ನೋಡ್ತಿದ್ರು, ಗಲಾಟೆ ಮಾಡ್ಲಿಕ್ಕೆ ಬಂದವ ಅನ್ನೂ ಹಾಗೆ.

ಬಾಕ್ಸ್ ಅವರ ಎದುರೇ ಬಿಚ್ಚಿಸಿ. ಒಳಗಿನ ಪ್ಯಾಕೆಟ್ ಕಂಪ್ನಿ ಸೀಲಿನದೇ ಇರಬೇಕು, ನಾಝಲ್, ಅಂದ್ರೆ ಇಂಕ್ ಹೊರಗೆ ಬರೂ ತೂತುಗಳ ಮೇಲೆ ಎಳೆದು ತೆಗೆಯೂ ಪಟ್ಟಿ ಇರಬೇಕು, ತಾಮ್ರದ ಚುಕ್ಕಿಗಳ ಮೇಲೆ ಗೀರು ಇರಬಾರದು. "ಬಿಲ್ ಬೇಕಾದ್ರೆ ಜಿಎಸ್‌ಟಿ ಮೇಲಿಂದ" ಅಂದ್ರೆ ಎದ್ದು ಬನ್ನಿ, ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರ್ತದೆ. ಮತ್ತೊಂದು, ಖಾಲಿ ಕಾರ್ಟ್ರಿಜ್ ಅಲ್ಲಿ ಬಿಟ್ಟು ಬರಬೇಡಿ. "ಹಳೇದು ಇಟ್ಟೋಗಿ ಸರ್, ಕಂಪ್ನಿಗೆ ಕಳಿಸ್ಬೇಕು" ಅಂತ ನನ್ನ ಹತ್ರವೂ ಇಸ್ಕೊಂಡಿದ್ದಾರೆ. ಅದು ಯಾವ ಕಂಪ್ನಿಗೆ ಹೋಗ್ತದೆ ಅಂತ ಈಗ ಗೊತ್ತಾಯ್ತು.