ಪೈ ಹಿಟ್ಟಿಗೆ ಯಾವ ಕೊಬ್ಬು: ಲಾರ್ಡ್, ಬೆಣ್ಣೆ, ಕ್ರಿಸ್ಕೋ, ತುಪ್ಪ

ಅಮೆರಿಕದ ಆ್ಯಪಲ್ ಪೈಯಲ್ಲಿ ಸೇಬಿನ ಹೂರಣ ಎಷ್ಟೇ ರುಚಿಯಾಗಿದ್ದರೂ ಹೊರಗಿನ ಹಿಟ್ಟು ಪದರ ಪದರವಾಗಿ ಮುರಿಯದಿದ್ದರೆ ಅದು ಪೈ ಅನ್ನಿಸಿಕೊಳ್ಳುವುದಿಲ್ಲ. ಮೈದಾ, ಉಪ್ಪುಗಳನ್ನು ಒಂದೇ ಅಳತೆಯಲ್ಲಿಟ್ಟು, ಕೊಬ್ಬನ್ನು ಬದಲಾಯಿಸುತ್ತಾ ಮಾಡಿ ನೋಡಿದಾಗ ನನಗೆ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಲಾರ್ಡ್ ಎಂದರೆ ಕರಗಿಸಿ ಸೋಸಿದ ಹಂದಿಯ ಕೊಬ್ಬು. ಅದರಲ್ಲೂ ಮೂತ್ರಪಿಂಡದ ಸುತ್ತಲಿನ ಕೊಬ್ಬಿಗೆ ಮಾಂಸದ ವಾಸನೆ ಬಹಳ ಕಡಿಮೆ. ಅದನ್ನು ಸಣ್ಣಗೆ ಹೆಚ್ಚಿ, ತಳ ಹಿಡಿಯದಂತೆ ಸ್ವಲ್ಪ ನೀರು ಹಾಕಿ, ಸಣ್ಣ ಉರಿಯಲ್ಲಿ ಕರಗಿಸಬೇಕು. ಚೂರುಗಳು ಕೆಂಪಗಾಗುವವರೆಗೆ ಬಿಟ್ಟರೆ ವಾಸನೆ ಏಳುತ್ತದೆ, ಆದ್ದರಿಂದ ಅದಕ್ಕೂ ಮೊದಲೇ ಬಟ್ಟೆಯಲ್ಲಿ ಸೋಸಿಬಿಡಬೇಕು. ಆರಿದ ಮೇಲೆ ಅದು ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಫ್ರಿಜ್‌ನಿಂದ ತೆಗೆದಾಗಲೂ ಬೆರಳಿಗೆ ಬಗ್ಗುವಷ್ಟು ಮೆತ್ತಗಿರುತ್ತದೆ, ಆದರೆ ಬೆಣ್ಣೆಯಂತೆ ಬೇಗ ಕೈಗೆ ಅಂಟುವುದಿಲ್ಲ. ಮೈದಾದಲ್ಲಿ ಬಟಾಣಿ ಗಾತ್ರದ ತುಣುಕುಗಳಾಗಿ ಉಳಿದ ಈ ಕೊಬ್ಬು ಲಟ್ಟಿಸಿದಾಗ ಚಪ್ಪಟೆಯಾಗಿ, ಓವನ್‌ನಲ್ಲಿ ಕರಗಿ ಜಾಗ ಬಿಡುತ್ತದೆ, ಹಿಟ್ಟಿನ ನೀರು ಆವಿಯಾಗಿ ಆ ಜಾಗವನ್ನು ಉಬ್ಬಿಸುತ್ತದೆ. ಇಷ್ಟು ದೊಡ್ಡ, ಗರಿಗರಿ ಪದರಗಳು ನನಗೆ ಬೇರಾವ ಕೊಬ್ಬಿನಿಂದಲೂ ಬಂದಿಲ್ಲ. ಅಂಗಡಿಯ ಲಾರ್ಡ್ ಕಟ್ಟಿಗೆ ಮಾತ್ರ ಈ ಹೊಗಳಿಕೆ ಸಲ್ಲದು: ಅನೇಕ ಕಟ್ಟುಗಳಲ್ಲಿ ಹೈಡ್ರೋಜನೀಕರಿಸಿದ, ಅಂದರೆ ಹೈಡ್ರೋಜನ್ ಸೇರಿಸಿ ಗಟ್ಟಿಗೊಳಿಸಿದ ಕೊಬ್ಬೂ ಸಂರಕ್ಷಕಗಳೂ ಇರುತ್ತವೆ, ರುಚಿಯೂ ಮಂಕು.

ಪರಿಮಳದಲ್ಲಿ, ಬಣ್ಣದಲ್ಲಿ ಬೆಣ್ಣೆಯೇ ಮೇಲು. ಆದರೆ ಅದರಲ್ಲಿ ಕೊಬ್ಬು ಸುಮಾರು ಶೇಕಡಾ 80 ಮಾತ್ರ, ಉಳಿದದ್ದರಲ್ಲಿ ಬಹುಪಾಲು ನೀರು. ಹೀಗಾಗಿ 100 ಗ್ರಾಂ ಲಾರ್ಡ್ ಬದಲಿಗೆ 125 ಗ್ರಾಂ ಬೆಣ್ಣೆ ಹಾಕಿ, ಸೇರಿಸುವ ನೀರನ್ನು ಸುಮಾರು 20 ಮಿಲಿಲೀಟರ್ ಕಡಿಮೆ ಮಾಡುತ್ತೇನೆ. ಇಲ್ಲವಾದರೆ ಮೈದಾದ ಅಂಟು ಬಲಿತು ಹಿಟ್ಟು ಜಗ್ಗುತ್ತದೆ.

ಲಾರ್ಡ್‌ಗೆ ಬದಲಿಯಾಗಿ 1911ರಲ್ಲಿ ಹತ್ತಿಬೀಜದ ಎಣ್ಣೆಯಿಂದ ತಯಾರಾಗಿ ಮಾರುಕಟ್ಟೆಗೆ ಬಂದದ್ದು ಕ್ರಿಸ್ಕೋ, ನಮ್ಮ ವನಸ್ಪತಿಯ ಜಾತಿಯದೇ. ಇದರೊಂದಿಗೆ ಕೆಲಸ ಬಲು ಸುಲಭ, ಅಂಚಿಗೆ ಒತ್ತಿದ ಚಿತ್ತಾರವೂ ಓವನ್‌ನಲ್ಲಿ ಅಳಿಯುವುದಿಲ್ಲ. ಆದರೆ ರುಚಿಯೇ ಇಲ್ಲ, ತಿಂದ ಮೇಲೆ ನಾಲಿಗೆಯ ಮೇಲೆ ಜಿಡ್ಡು ನಿಲ್ಲುತ್ತದೆ. ಹೃದಯಕ್ಕೆ ಕೆಡುಕು ಮಾಡುವ ಟ್ರಾನ್ಸ್ ಕೊಬ್ಬಿನ ಕಾರಣದಿಂದ ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆಗಳನ್ನು ಕೈಬಿಡಬೇಕೆಂದು ಅಮೆರಿಕ 2015ರಲ್ಲಿ ತೀರ್ಮಾನಿಸಿದ ಮೇಲೆ ಈಗಿನ ಡಬ್ಬಿಯಲ್ಲಿ ಆ ದೋಷವಿಲ್ಲ. ಆದರೂ ನಾನು ಅದನ್ನು ಕೊಳ್ಳುವುದಿಲ್ಲ.

ತುಪ್ಪದ ಮೇಲೆ ನನಗೆ ಬಹಳ ಆಸೆಯಿತ್ತು. ನೀರಿನ ಅಂಶವಿಲ್ಲದ, ಮೆತ್ತನೆಯ ತುಪ್ಪ ಮೈದಾದ ಕಣಕಣಕ್ಕೂ ಹತ್ತಿಕೊಳ್ಳುವುದರಿಂದ ಪದರ ಏಳದೆ ಹಿಟ್ಟು ಹುಡಿಹುಡಿಯಾಗುತ್ತದೆ. ನಾನ್‌ಖಟಾಯಿಗೆ ಬೇಕಾದ ಗುಣವೇ ಪೈಗೆ ಅಡ್ಡಿ. ತೆಂಗಿನೆಣ್ಣೆ ಫ್ರಿಜ್‌ನಲ್ಲಿ ಕಲ್ಲಿನಷ್ಟು ಗಟ್ಟಿ, ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ ನೀರು.

ಲಾರ್ಡ್ ಎಂದೊಡನೆ ಹೃದಯದ ಚಿಂತೆ ಮಾಡುವವರು ಗಮನಿಸಬೇಕಾದ ಮಾತೊಂದಿದೆ: ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು ಶೇಕಡಾ 40, ತುಪ್ಪದಲ್ಲಿ 60ಕ್ಕೂ ಮೇಲೆ, ತೆಂಗಿನೆಣ್ಣೆಯಲ್ಲಿ 80ಕ್ಕೂ ಹೆಚ್ಚು.

ಮಾಂಸದ ಪೈಗೆ ನಾನು ಬರೀ ಲಾರ್ಡ್ ಬಳಸುತ್ತೇನೆ, ಸೇಬಿನದಕ್ಕೆ ಅರ್ಧ ಲಾರ್ಡ್, ಅರ್ಧ ಬೆಣ್ಣೆ. ಸಸ್ಯಾಹಾರಿಗಳೋ ಮುಸ್ಲಿಂ ಸ್ನೇಹಿತರೋ ಊಟಕ್ಕೆ ಬರುವ ದಿನ ಪೂರ್ತಿ ಬೆಣ್ಣೆಯದೇ; ಆಗ ಲಟ್ಟಿಸಿದ ಹಿಟ್ಟನ್ನು ತಟ್ಟೆಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, 220 ಡಿಗ್ರಿಗೆ ಕಾದ ಓವನ್‌ಗೆ ನೇರವಾಗಿ ಇಟ್ಟರೆ ಪದರಗಳು ಲಾರ್ಡ್‌ಗೆ ಸಾಕಷ್ಟು ಹತ್ತಿರ ಬರುತ್ತವೆ.