ನೇಮ್‌ಪ್ಲೇಟ್ ಇಲ್ಲದ ಹಳೆಯ ಡಿವೈಡಿಂಗ್ ಹೆಡ್: ಕೊಳ್ಳಬಹುದೇ?

ಕೊಳ್ಳಬಹುದು. ಡಿವೈಡಿಂಗ್ ಹೆಡ್ ಎಂದರೆ ಗೇರ್ ಹಲ್ಲು ಕತ್ತರಿಸುವಂಥ ಕೆಲಸದಲ್ಲಿ ತುಂಡನ್ನು ಸಮ ಭಾಗಗಳಿಗೆ ತಿರುಗಿಸಿ ನಿಲ್ಲಿಸುವ ಸಾಧನ. ಬಣ್ಣ ಕಿತ್ತಿದೆ, ಜಿಡ್ಡು ಕಟ್ಟಿದೆ ಎಂದು ಹಿಂಜರಿಯಬೇಕಿಲ್ಲ. ಮನೆಯ ವರ್ಕ್‌ಶಾಪಿಗೆ ಅದು ದಕ್ಕುತ್ತದೋ ಇಲ್ಲವೋ ಎಂದು ಹೇಳುವುದು ಒಳಗಿನ ವರ್ಮ್ (ಹ್ಯಾಂಡಲ್ ತಿರುಗಿಸುವ, ಸ್ಕ್ರೂ ಆಕಾರದ ಗೇರ್) ಮತ್ತು ಜೊತೆಗೆ ಬರುವ, ಸುತ್ತು ಸಾಲುಗಳಲ್ಲಿ ತೂತು ಕೊರೆದ ಪ್ಲೇಟುಗಳು.

ಮೊದಲು ರೇಶಿಯೋ, ಅಂದರೆ ಕೆಲಸ ಹಿಡಿಯುವ ಸ್ಪಿಂಡಲ್ಲಿನ ಒಂದು ಸುತ್ತಿಗೆ ಹ್ಯಾಂಡಲ್ಲಿನ ಸುತ್ತೆಷ್ಟು ಎಂಬುದು. ಸ್ಪಿಂಡಲ್ಲಿಗೂ ಬಾಡಿಗೂ ಸೇರಿಸಿ ಒಂದು ಗೆರೆ ಎಳೆದು, ಸ್ಪಿಂಡಲ್ ಒಂದು ಸುತ್ತು ಬರಲು ಹ್ಯಾಂಡಲ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ. ಸಾಮಾನ್ಯವಾಗಿ 40 ಇರುತ್ತದೆ, 60ರವೂ ಇವೆ. 28 ಹಲ್ಲಿನ ಗೇರ್‌ಗೆ 40ರ ಲೆಕ್ಕದಲ್ಲಿ 40/28, ಅಂದರೆ ಒಂದು ಪೂರ್ತಿ ಸುತ್ತು, ಮೇಲೆ 49ರ ಸಾಲಿನಲ್ಲಿ 21 ತೂತು. ಹೆಡ್ 60ರದ್ದಾಗಿದ್ದರೆ ಇದೇ ಲೆಕ್ಕ 42 ಹಲ್ಲಿನ ಅಂತರ ಕೊಡುತ್ತದೆ. 28ನೇ ಹಲ್ಲು ಮುಗಿದಾಗ ಬ್ಲ್ಯಾಂಕಿನ (ಹಲ್ಲು ಕತ್ತರಿಸುವ ಬಿಲ್ಲೆಯ) ಮೂರನೇ ಒಂದು ಭಾಗ ಬೋಳಾಗಿ ಉಳಿದಿರುತ್ತದೆ!

ಬ್ರೌನ್ ಅಂಡ್ ಶಾರ್ಪ್ ಮಾದರಿಯಲ್ಲಿ ಪ್ಲೇಟು ಮೂರು, ಅವುಗಳ ಸಾಲುಗಳಲ್ಲಿನ ತೂತುಗಳು: 15ರಿಂದ 20, 21, 23, 27, 29, 31, 33, 37, 39, 41, 43, 47, 49. ಮೂರೂ ಇದ್ದರೆ 40ರ ಹೆಡ್‌ನಲ್ಲಿ 50ರವರೆಗಿನ ಯಾವ ಭಾಗವೂ ಸಿಗುತ್ತದೆ. 51, 53, 57 ನೇರವಾಗಿ ಬರುವುದಿಲ್ಲ. ಪ್ಲೇಟು ಕಳೆದಿದ್ದರೆ ಬೆಲೆ ಚೆನ್ನಾಗಿಯೇ ಇಳಿಸಿ ಕೇಳಿ, ಬೇರೆ ಹೆಡ್ಡಿನದ್ದು ನಡುತೂತಿಗೂ ಸ್ಕ್ರೂಗಳಿಗೂ ಕೂರುತ್ತದೆಂಬ ಖಾತ್ರಿಯಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದ್ದು ಸವೆತಕ್ಕೆ. ಹ್ಯಾಂಡಲ್ಲಿನ ಪಿನ್ನನ್ನು ಪ್ಲೇಟಿನ ತೂತಿಗೆ ಬಿಟ್ಟು, ಸ್ಪಿಂಡಲ್ ಲಾಕ್ ಸಡಿಲಿಸಿ, ಸ್ಪಿಂಡಲ್ಲಿಗೆ ಒಂದು ಪಟ್ಟಿ ಕಟ್ಟಿ. ನಡುವಿನಿಂದ 50 ಮಿ.ಮೀ. ದೂರದಲ್ಲಿ ಡಯಲ್ ಗೇಜ್ ತಾಗಿಸಿ, ಪಟ್ಟಿಯನ್ನು ಕೈಯಲ್ಲಿ ಅತ್ತಿತ್ತ ಅಲುಗಿಸಿ ಆಟ (ಸಡಿಲ) ಎಷ್ಟೆಂದು ನೋಡಿ. 40ರ ಹೆಡ್‌ನಲ್ಲಿ ಹ್ಯಾಂಡಲ್ ಐದೈದು ಸುತ್ತು ತಿರುಗಿಸುತ್ತ, 45 ಡಿಗ್ರಿಗೊಮ್ಮೆ, ಎಂಟು ಕಡೆ ಅಳೆಯಿರಿ. ಎಲ್ಲೆಡೆ ಒಂದೇ ಆಟವಿದ್ದರೆ ವರ್ಮನ್ನು ಒತ್ತರಿಸಿ ಸರಿಮಾಡಬಹುದು. ಒಂದೆರಡು ಕಡೆ ಮಾತ್ರ ಜಾಸ್ತಿಯಿದ್ದರೆ ವರ್ಮ್ ತಿರುಗಿಸುವ ಗೇರ್, ಅಂದರೆ ವರ್ಮ್ ವ್ಹೀಲ್, ಅಲ್ಲಿ ಸವೆದಿದೆ. ಸವೆದ ಜಾಗಕ್ಕೆ ಬಿಗಿ ಮಾಡಿದರೆ ಮಿಕ್ಕ ಕಡೆ ಹ್ಯಾಂಡಲ್ ಹಿಡಿದುಕೊಳ್ಳುತ್ತದೆ. ಹಾಗಾಗಿ ಬಿಗಿ ಇರುವ ಜಾಗಕ್ಕೇ ಹೊಂದಿಸಿ, ಉಳಿದ ಆಟವನ್ನು ಒಪ್ಪಿಕೊಳ್ಳಬೇಕು. ಲಾಕ್ ಹಾಕದೆ ಕತ್ತರಿಸಿದ್ದು, ಲಾಕ್ ಬಿಚ್ಚದೆ ಹ್ಯಾಂಡಲ್ ಎಳೆದದ್ದು, ಎರಡೂ ಇಲ್ಲಿಗೇ ತಂದು ನಿಲ್ಲಿಸುತ್ತವೆ.

ಸ್ಪಿಂಡಲ್ಲಿನ ಟೇಪರ್ (ಒಳಗೆ ಕಿರಿದಾಗುತ್ತ ಹೋಗುವ ತೂತು) ಮೋರ್ಸ್ ಅಳತೆಯದೇ ಎಂದುಕೊಂಡು ಸೆಂಟರ್ (ಕೆಲಸಕ್ಕೆ ಆಸರೆ ಕೊಡುವ ಮೊನೆ) ತಟ್ಟಿ ಕೂರಿಸಬೇಡಿ. 50 ಮಿ.ಮೀ. ಉದ್ದಕ್ಕೆ ವ್ಯಾಸ ಸುಮಾರು 2.5 ಮಿ.ಮೀ. ಕಡಿಮೆಯಾದರೆ ಮೋರ್ಸ್, 2.1ರ ಆಸುಪಾಸಿದ್ದರೆ ಬ್ರೌನ್ ಅಂಡ್ ಶಾರ್ಪ್.

ಬಳಸುವಾಗ ಎಡವುವುದು ತೂತು ಎಣಿಸುವಲ್ಲಿ. ಪಿನ್ ಇರುವ ತೂತು ಸೊನ್ನೆ. 21 ಬೇಕೆಂದರೆ ಸೆಕ್ಟರ್ ಆರ್ಮ್‌ಗಳ (ಪ್ಲೇಟಿನ ಮೇಲೆ ತೂತಿನ ಲೆಕ್ಕ ಹಿಡಿದಿಡುವ ಎರಡು ಕಡ್ಡಿಗಳ) ನಡುವೆ 22 ತೂತು ಕಾಣಬೇಕು. 40ರ ಹೆಡ್‌ನಲ್ಲಿ 49ರ ಸಾಲಿನ ಒಂದು ತೂತು ತಪ್ಪಿದರೆ, 50 ಮಿ.ಮೀ. ತ್ರಿಜ್ಯದಲ್ಲಿ 0.16 ಮಿ.ಮೀ. ಜಾರುತ್ತದೆ. ತೂತು ದಾಟಿಹೋದರೆ, ವರ್ಮಿನಲ್ಲಿ ಆಟ ಇರುವುದರಿಂದ, ಅಷ್ಟೇ ಹಿಂದೆ ಬರುವುದಲ್ಲ, ಅರ್ಧ ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಿನಿಂದಲೇ ಬನ್ನಿ.

ಕೆಲಸದ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಜೊತೆಗಿಲ್ಲದಿದ್ದರೂ ಚಕ್ಕಿನಲ್ಲಿ ಹಿಡಿಯುವ ಗಿಡ್ಡ ಕೆಲಸಕ್ಕೆ ಅಡ್ಡಿಯಿಲ್ಲ. ಉದ್ದ ಶಾಫ್ಟ್ ಕೆಲಸ ಇರುವವರು ಮಾತ್ರ ಅದೇ ಸೆಂಟರ್ ಎತ್ತರದ್ದು ಸಿಗುವವರೆಗೆ ಕಾಯಲಿ.